ಲದ್ದಿ ಹುಳದ ಪೂರ್ವಾಪರ

2018ರ ಜುಲೈನಲ್ಲಿ ಊರಿಗೆ ಹೋದಾಗ ಅಣ್ಣ ಕೈಕಾಲು ತೊಳೆಯೋಕೂ ಬಿಡದೆ ಹೊಲಕ್ಕೆ ಕರ್ಕೊಂಡು ಹೋದ. ನಮ್ಮದು ಹಾವೇರಿ ಕಡೆ, ಮುಂಗಾರಿಗೆ ಗೋವಿನಜೋಳ ಬಿಟ್ರೆ ಬೇರೆ ಮಾತಿಲ್ಲ. (ಮೈಸೂರು ಕಡೆಯವರು ಮುಸುಕಿನಜೋಳ ಅಂತೀರಲ್ಲ, ಅದೇ.) ಮೊಣಕಾಲೆತ್ತರ ಬೆಳೆದಿದ್ದ ಗಿಡ, ಎಲೆ ತುಂಬ ಸಾಲುಸಾಲು ತೂತು. ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ. ಅಣ್ಣ ಸುಳಿ ಬಿಡಿಸಿ ಒಂದು ಹುಳ ತೆಗೆದು ಅಂಗೈ ಮೇಲಿಟ್ಟ.

"ತಮ್ಮಾ, ಇದು ನಮ್ಮ ಹುಳ ಅಲ್ಲ ನೋಡು. ಎರಡು ಸಲ ಎಣ್ಣಿ ಹೊಡದೇನಿ, ಜಗ್ಗವಲ್ದು."

ಆಗ ಅವನ ಮಾತು ಉತ್ಪ್ರೇಕ್ಷೆ ಅನ್ನಿಸಿತ್ತು. ಸೈನಿಕ ಹುಳ ನಮಗೇನು ಹೊಸದಾ? ಆದರೆ ಅವನು ಹೇಳಿದ್ದು ಅಕ್ಷರಶಃ ನಿಜ, ಅದು ನಮ್ಮ ಹುಳ ಆಗಿರಲೇ ಇಲ್ಲ. ಹಣೆ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಎರಡೂ ಕಂಡರೆ ಅದು ಸ್ಪೊಡೊಪ್ಟೆರಾ ಫ್ರುಜಿಪರ್ಡಾ, ಅಮೆರಿಕ ಖಂಡದ ಪತಂಗದ ಮರಿ. ಅದು ಅಲ್ಲಿಂದ ಅಣ್ಣನ ಅಂಗೈಗೆ ಹೇಗೆ ಬಂತು ಅನ್ನೋದನ್ನ ಆಮೇಲೆ ಹುಡುಕಿ ಓದಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಜಾನ್ ಅಬಟ್ ಅಂತ ಒಬ್ಬ ಇಂಗ್ಲಿಷಿನವ. 1773ರಲ್ಲಿ ಲಂಡನ್ ಬಿಟ್ಟು ಅಮೆರಿಕಕ್ಕೆ ಹೋಗಿ, ಕೊನೆಗೆ ಜಾರ್ಜಿಯಾದಲ್ಲಿ ನೆಲೆಸಿ, ಜೀವಮಾನವಿಡೀ ಹುಳುಹುಪ್ಪಟೆಗಳ ಚಿತ್ರ ಬರೆದ. ಚಿಟ್ಟೆ, ಅದರ ಮರಿ, ಮರಿ ತಿನ್ನೋ ಗಿಡ, ಎಲ್ಲ ಒಂದೇ ಹಾಳೆಯಲ್ಲಿ. ಆ ಚಿತ್ರಗಳನ್ನ ಜೇಮ್ಸ್ ಎಡ್ವರ್ಡ್ ಸ್ಮಿತ್ (ಲಂಡನ್ನಿನ ಲಿನಿಯನ್ ಸೊಸೈಟಿ ಕಟ್ಟಿದವನು) 1797ರಲ್ಲಿ ಪುಸ್ತಕ ಮಾಡಿದ. ನಮ್ಮ ಹುಳಕ್ಕೆ ಶಾಸ್ತ್ರೋಕ್ತ ನಾಮಕರಣ ಆದದ್ದು ಅಲ್ಲೇ. ಫ್ರುಜಿಪರ್ಡಾ ಅಂದ್ರೆ ಫಸಲು ಕಳೆಯುವುದು ಅಂತ ಅರ್ಥ. ಜೊತೆಗೆ ಕೊಟ್ಟ ಸಾಮಾನ್ಯ ಹೆಸರನ್ನ ಕನ್ನಡಕ್ಕೆ ತಂದರೆ 'ಜೋಳದ ಸುಳಿ ಹುಳ' ಅಂತಲೇ ಆಗುತ್ತೆ. ಇನ್ನೂರು ವರ್ಷದ ಹಿಂದೆ ಜಾರ್ಜಿಯಾದಲ್ಲಿ ಅದು ಕೂತಿದ್ದೂ ಸುಳಿಯಲ್ಲೇ!

ಇನ್ನು 'ಫಾಲ್ ಸೈನಿಕ ಹುಳು' ಅನ್ನೋ ಹೆಸರು. ನಮ್ಮ ಕೃಷಿ ಇಲಾಖೆಯ ಕರಪತ್ರಗಳಲ್ಲೂ ಹಾಗೇ ಇದೆ. ಫಾಲ್ ಅಂದ್ರೆ ಮೇಲಿಂದ ಬೀಳೋ ಹುಳ ಅಂದ್ಕೊಂಡವರು ನಮ್ಮೂರಲ್ಲಿ ಇದ್ದಾರೆ. :) ಅಮೆರಿಕದವರ ಬಾಯಲ್ಲಿ ಫಾಲ್ ಅಂದ್ರೆ ಎಲೆ ಉದುರೋ ಕಾಲ. ಈ ಹೆಸರಿನೊಳಗೇ ಅದರ ವಾಸದ ಕಥೆ ಇದೆ. ಈ ಪತಂಗಕ್ಕೆ ಚಳಿಗಾಲದಲ್ಲಿ ಮಲಗಿ ಕಾಲ ಕಳೆಯೋ ವಿದ್ಯೆ ಗೊತ್ತಿಲ್ಲ. ಹಿಮ ಬಿದ್ದರೆ ಮೊಟ್ಟೆ, ಮರಿ, ಕೋಶ ಎಲ್ಲ ಸಾಯುತ್ತೆ. ಹಾಗಾಗಿ ಅಮೆರಿಕ ಸಂಸ್ಥಾನದಲ್ಲಿ ಅದು ವರ್ಷವಿಡೀ ಬದುಕೋದು ಫ್ಲೋರಿಡಾ ಮತ್ತು ಟೆಕ್ಸಾಸಿನ ದಕ್ಷಿಣ ತುದಿಯಲ್ಲಿ ಮಾತ್ರ. ವಸಂತ ಬಂದ ಮೇಲೆ ಗಾಳಿ ಹಿಡಿದು ಉತ್ತರಕ್ಕೆ ಹೊರಡುತ್ತೆ. ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ತಲೆಮಾರಿನ ಮೇಲೆ ತಲೆಮಾರು ಮುಂದೆ ಸಾಗಿ ಕೆನಡಾ ಮುಟ್ಟುತ್ತೆ. ಉತ್ತರದ ರೈತನಿಗೆ ಅದು ಕಾಣೋದು ಎಲೆ ಉದುರೋ ಹೊತ್ತಿಗೆ, ಅದಕ್ಕೇ ಆ ಹೆಸರು. ಆಮೇಲೆ ಚಳಿ ಬೀಳುತ್ತೆ, ಹೋದವೆಲ್ಲ ಸತ್ತುಹೋಗುತ್ತವೆ. ಮರುವರ್ಷ ಮತ್ತೆ ದಕ್ಷಿಣದಿಂದ ಶುರು. ಅಂದರೆ ಅಲ್ಲಿಯ ರೈತನಿಗೆ ಚಳಿಗಾಲ ಅನ್ನೋ ಕಾವಲುಗಾರ ಇದ್ದಾನೆ.

ನಮಗೆ ಯಾರಿದ್ದಾರೆ?

ಹುಳ ಸಾಗರ ದಾಟಿದ್ದು ಗೊತ್ತಾದದ್ದು 2016ರ ಆರಂಭದಲ್ಲಿ, ನೈಜೀರಿಯಾ ಮತ್ತು ಅಕ್ಕಪಕ್ಕದ ದೇಶಗಳಲ್ಲಿ. ಎರಡೇ ವರ್ಷದಲ್ಲಿ ಸಹಾರಾ ದಕ್ಷಿಣದ ಬಹುತೇಕ ಎಲ್ಲ ದೇಶಕ್ಕೂ ಹಬ್ಬಿತು. ಹತೋಟಿ ಮಾಡದಿದ್ದರೆ ಬರೀ 12 ದೇಶಗಳಲ್ಲೇ ವರ್ಷಕ್ಕೆ 83 ಲಕ್ಷದಿಂದ 2 ಕೋಟಿ 6 ಲಕ್ಷ ಟನ್ ಮೆಕ್ಕೆಜೋಳ ಹಾಳಾಗಬಹುದು ಅಂತ 2017ರಲ್ಲಿ ಕ್ಯಾಬಿ ಸಂಸ್ಥೆ ಅಂದಾಜು ಹಾಕಿತ್ತು. ಅಲ್ಲಿ ಅದು ದನದ ಮೇವಲ್ಲ, ಮನೆಯ ಊಟ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಅಲ್ಲಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಇದನ್ನ ಗುರುತಿಸಿದರು. ಭಾರತದಲ್ಲಿ, ಅಷ್ಟೇ ಯಾಕೆ ಏಷ್ಯಾದಲ್ಲೇ ಇದು ಮೊದಲ ವರದಿ. ಆಫ್ರಿಕಾದಲ್ಲಿ ಮೊದಲು ವರದಿ ಮಾಡಿದ್ದ ಗೋರ್ಗೆನ್ ಕೂಡ ಆ ಲೇಖನಕ್ಕೆ ಸಹಲೇಖಕ. ಅಣ್ಣ "ನಮ್ಮ ಹುಳ ಅಲ್ಲ" ಅಂದದ್ದಕ್ಕೂ ಇದಕ್ಕೂ ಎರಡೇ ತಿಂಗಳ ಅಂತರ. ಅದೇ ವರ್ಷ ಮಹಾರಾಷ್ಟ್ರದಲ್ಲಿ ಕಬ್ಬಿಗೂ ಬಿತ್ತು. 2019ರಲ್ಲಿ ಮಿಜೋರಾಂ, ಚೀನಾ. 2020ರ ಆರಂಭಕ್ಕೆ ಆಸ್ಟ್ರೇಲಿಯಾ.

ಹಾಗಾದರೆ ಆಫ್ರಿಕಾದಿಂದಲೇ ನೇರ ಇಲ್ಲಿಗೆ ಬಂತಾ? ನಾನೂ ಹಾಗೇ ನಂಬಿದ್ದೆ. ಆದರೆ 2022ರಲ್ಲಿ ಹುಳಗಳ ವಂಶವಾಹಿ ನೋಡಿದ ಒಂದು ಅಧ್ಯಯನ ಬೇರೆ ಮಾತು ಹೇಳುತ್ತೆ. ಒಂದೇ ಸಲ, ಒಂದೇ ದಾರಿಯಲ್ಲಿ ಬಂದದ್ದಲ್ಲ, ಬೇರೆ ಬೇರೆ ಸಲ ಬೇರೆ ಬೇರೆ ಕಡೆಯಿಂದ ಬಂದಿರಬೇಕು ಅಂತ. ನಕ್ಷೆ ಮೇಲೆ ನಾವು ಎಳೆಯೋ ಬಾಣಗಳೆಲ್ಲ ಹುಳ ಕಣ್ಣಿಗೆ ಬಿದ್ದ ತಾರೀಖುಗಳು, ಅದು ಬಂದ ತಾರೀಖುಗಳಲ್ಲ.

ಇದು 350ಕ್ಕೂ ಹೆಚ್ಚು ಜಾತಿಯ ಗಿಡ ತಿನ್ನುತ್ತೆ ಅಂತ ಪಟ್ಟಿ ಇದೆ. ಆದರೂ ಪ್ರೀತಿ ಹುಲ್ಲಿನ ಮೇಲೆ. ನಮ್ಮ ತಾಟಿನಲ್ಲಿರೋದೆಲ್ಲ ಹುಲ್ಲೇ ಅಲ್ವಾ? ಜೋಳ, ರಾಗಿ, ಸಜ್ಜೆ, ಭತ್ತ, ಕಬ್ಬು. ಅದರಲ್ಲೂ ಮೆಕ್ಕೆಜೋಳ ಅದರ ತವರಿನ ಬೆಳೆ, ಮೆಕ್ಸಿಕೋದಲ್ಲಿ ಸುಮಾರು 9000 ವರ್ಷದ ಹಿಂದೆ ಒಕ್ಕಲಾದದ್ದು. ತೆನೆ ಮುಂಚೆ ಬಂತು, ಹುಳ ಶತಮಾನಗಳ ನಂತರ ಹಿಂದೆ ಬಂತು.

ಅಂದ ಹಾಗೆ, ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಇರೋದು ಮೆಕ್ಕೆಜೋಳದ ತೆನೆ ಅಂತ 1989ರಲ್ಲಿ ಇಬ್ಬರು ಅಮೆರಿಕನ್ನರು ವಾದ ಹೂಡಿದ್ದರು. ಕೊಲಂಬಸ್ಸನಿಗಿಂತ ಎರಡು ಶತಮಾನ ಮೊದಲೇ! ಅದು ಮುಕ್ತಾಫಲ, ಮುತ್ತಿನ ಹಣ್ಣು ಅಂತ ಇಲ್ಲಿಯವರು ಉತ್ತರ ಕೊಟ್ಟರು. ನನ್ನ ಮತ ಮುತ್ತಿಗೇ.

ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದಲ್ಲಿ ಕಳೆದ ಕೆಲವು ದಶಕಗಳಲ್ಲಿ ಹತ್ತಿ, ಶೇಂಗಾ, ಬಿಳಿಜೋಳದ ಎಷ್ಟೋ ಹೊಲ ಗೋವಿನಜೋಳ ಆಯ್ತು. ಮಳೆಗಾಲಕ್ಕೊಂದು, ಬೋರ್‌ವೆಲ್ ಇದ್ದರೆ ಬೇಸಿಗೆಗೊಂದು. ಚಳಿ ಇಲ್ಲ, ಊಟಕ್ಕೆ ಬಿಡುವಿಲ್ಲ. ಬೇಸಿಗೆಯಲ್ಲಿ ತಿಂಗಳಿಗೊಂದು ತಲೆಮಾರು, ಒಂದು ಹೆಣ್ಣಿಗೆ ಸಾವಿರಕ್ಕೂ ಮೇಲೆ ಮೊಟ್ಟೆ. ಫ್ಲೋರಿಡಾದ ತುದಿಯಲ್ಲಿ ಸಿಕ್ಕೋ ಅನುಕೂಲವನ್ನ ನಾವು ಜಿಲ್ಲೆಗಟ್ಟಲೆ ಹಾಸಿಕೊಟ್ಟಿದ್ದೇವೆ. ಹುಳ ಬಯ್ಯುವಾಗ ಇದನ್ನ ಮರೀತೀವಿ.

ಆ ವರ್ಷ ಅಣ್ಣ ನಾಲ್ಕು ಸಲ ಔಷಧ ಹೊಡೆದ. ಅಂಗಡಿಯವನು ಪ್ರತಿ ಸಲವೂ ಹೊಸ ಬಾಟಲಿ ಕೊಟ್ಟ. ಸುಳಿ ಆಳದಲ್ಲಿ ತನ್ನದೇ ಲದ್ದಿಯ ಬಿರಡೆ ಹಾಕ್ಕೊಂಡು ಕೂತ ಹುಳಕ್ಕೆ ಹೊರಗಿನ ಎಲೆಗೆ ಹೊಡೆದ ಎಣ್ಣೆ ಏನು ಮಾಡೀತು? ಅತ್ತಿಗೆ ಬಳೆ ಗಿರವಿ ಇಟ್ಟದ್ದು ಅಣ್ಣ ಹೇಳಲಿಲ್ಲ, ಅವ್ವ ಹೇಳಿದಳು. ಮರುವರ್ಷ ತೌಡು ಹತ್ತು ಕಿಲೋ, ಬೆಲ್ಲ ಎರಡು ಕಿಲೋ ನೀರಲ್ಲಿ ಕಲಸಿ, ಒಂದು ದಿನ ಹುಳಿ ಬರಿಸಿ, ವಿಷ ಬೆರೆಸಿ ಸಂಜೆ ಹೊತ್ತು ಸುಳಿಗೆ ಹಾಕೋ ಪಾಷಾಣ ಕಲಿತ. ಖರ್ಚು ಇಳಿಯಿತು. ಹುಳ ಹೋಗಲಿಲ್ಲ, ಹೋಗೋದೂ ಇಲ್ಲ.

ಹೋದ ಮಳೆಗಾಲದಲ್ಲಿ ಅವನ ಫೋನಿನಿಂದ ಒಂದು ಫೋಟೋ ಬಂತು. ಎಲೆ ಮೇಲೆ ಸೆಟೆದು ನಿಂತ ಹುಳ, ಮೈಮೇಲೆಲ್ಲ ಬಿಳಿ ಬೂಷ್ಟು, ಅಲ್ಲಲ್ಲಿ ಹಸಿರು. ಅದು ಮೆಟರೈಜಿಯಂ ರಿಲೆಯಿ ಅನ್ನೋ ಶಿಲೀಂಧ್ರ, ತೇವ ಇದ್ದಾಗ ತಾನಾಗೇ ಹುಳಕ್ಕೆ ಹತ್ತಿ ಕೊಲ್ಲುತ್ತೆ. ವಿವರಿಸೋಣ ಅಂತ ಫೋನ್ ಮಾಡಿದರೆ ಅವನೇ ಮೊದಲು ಹೇಳಿದ:

"ಇಂಥವು ಇಪ್ಪತ್ತು ಆರಿಸಿ ಡಬ್ಬ್ಯಾಗ ಇಟ್ಟೇನಿ. ನಾಳೆ ನೀರಾಗ ಕಲಸಿ ಉಳಿದ ಗಿಡಕ್ಕ ಹೊಡಿತೇನಿ, ನೋಡೂಣು."

ನಿಮ್ಮ ಕಡೆ ಇದನ್ನ ಏನಂತ ಕರೀತಾರೆ? ಗೊತ್ತಿದ್ದವರು ತಿಳಿಸಿ.