ಕೀಲಿ ಒಂದು, ಲಿಪಿ ಎರಡು: ಗಡಿನಾಡು ಮತ್ತು ಜಾವಾದ ಪಠ್ಯಚೌಕ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಬಳ್ಳಾರಿ ಮೈಸೂರಿಗೆ ಬಂದಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿಯೇ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ಅದೇ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ ತುಮಕೂರು ಜಿಲ್ಲೆಯ ಅಂಚಿನಲ್ಲಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬುದು ಇಲ್ಲಿನ ಕನ್ನಡಿಗರ ನಿತ್ಯಾನುಭವ. ಈ ಗಡಿರೇಖೆ ಗಣಕದ ಪರದೆಯ ಮೇಲೂ ಹಾದುಹೋಗುತ್ತದೆ.

ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯು ಭಾರತೀಯ ಲಿಪಿಗಳ ವರ್ಣಮಾಲೆಯ ಸಾಮ್ಯವನ್ನು ಆಧರಿಸಿದೆ. ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಅಲ್ಲಿ ಒಂದೇ ಕೀಲಿ. ಯೂನಿಕೋಡ್‌ನಲ್ಲಿಯೂ ಇವುಗಳ ಸಂಕೇತಗಳ ನಡುವಿನ ಅಂತರ ಕೇವಲ 128. ಹಾಗಾದರೆ ಒತ್ತಿದ ಕೀಲಿ ಯಾವ ಲಿಪಿಯಾಗಬೇಕೆಂಬುದನ್ನು ನಿರ್ಧರಿಸುವವರು ಯಾರು?

1996ರಲ್ಲಿ ಬಿಡುಗಡೆಯಾದ ಜಾವಾ ಯೂನಿಕೋಡನ್ನೇ ಆಧಾರವಾಗಿ ಸ್ವೀಕರಿಸಿತ್ತು. 1997ರ 1.1 ಆವೃತ್ತಿ ಕೀಲಿ ಒತ್ತಿದ್ದನ್ನು ಗಮನಿಸುವ ಕೀ ಲಿಸನರ್ ಮತ್ತು ಪಠ್ಯಚೌಕಕ್ಕೆ ಫೋಕಸ್ ಬಂದದ್ದನ್ನು ತಿಳಿಸುವ ಫೋಕಸ್ ಲಿಸನರ್‌ಗಳನ್ನು ನೀಡಿತು. ಫೋಕಸ್ ಎಂದರೆ ಒತ್ತುವ ಕೀಲಿಗಳನ್ನು ಸ್ವೀಕರಿಸುವ ಸರದಿ. 1998ರ 1.2 ಆವೃತ್ತಿಯಿಂದ ಒಂದು ಚೌಕಕ್ಕೆ ಆ ಸರದಿ ಬಂದೊಡನೆ, ಯಂತ್ರದಲ್ಲಿ ಲಭ್ಯವಿರುವ ಪಕ್ಷದಲ್ಲಿ, ಅದರ ಭಾಷೆಯ ಕೀಲಿವಿನ್ಯಾಸವನ್ನು ಕೋರುವುದು ಸಾಧ್ಯವಾಯಿತು. ಹೆಸರಿನ ಒಂದು ಚೌಕ ತೆಲುಗಿನಲ್ಲಿ, ಮುಂದಿನದು ಕನ್ನಡದಲ್ಲಿ. ಬೆರಳುಗಳು ಒತ್ತುವುದು ಅವೇ ಕೀಲಿಗಳನ್ನು.

ಆದರೆ ಕೀಲಿಗೂ ಅಕ್ಷರಕ್ಕೂ ಸಮನಾದ ಲೆಕ್ಕವಿಲ್ಲ. ‘ರಾಯದುರ್ಗ’ ಎಂಬಲ್ಲಿ ಓದುಗರಿಗೆ ಕಾಣುವುದು 4 ಅಕ್ಷರ. ಯಂತ್ರ ಎಣಿಸುವುದು 8 ಸಂಕೇತ. ಇಂಗ್ಲಿಷನ್ನು ಮಾತ್ರ ನೆನೆದು ಮಿತಿ ವಿಧಿಸಿದ ಚೌಕ ಕನ್ನಡದ ಹೆಸರನ್ನು ನಡುವೆಯೇ ತುಂಡರಿಸಬಲ್ಲದು. ಮೇಲಾಗಿ ಅಂಟಿಸಿದ ಪಠ್ಯವೂ ಇನ್‌ಪುಟ್ ಮೆಥಡ್ ಒಪ್ಪಿಸಿದ ಪಠ್ಯವೂ ಕೀಲಿಯ ಘಟನೆಗಳಾಗಿ ಬಾರದೆ ಇರಬಹುದು. ಕೀ ಲಿಸನರ್‌ನಲ್ಲಿ ಮಾಡಿದ ತಪಾಸಣೆಯನ್ನು ಅವು ಮೀರಿ ಒಳಬರುತ್ತವೆ. ಆದುದರಿಂದಲೇ 2002ರ 1.4 ಆವೃತ್ತಿಯ ಡಾಕ್ಯುಮೆಂಟ್ ಫಿಲ್ಟರ್‌ಗೆ ಮಹತ್ವವಿದೆ: ಅದು ಕೀಲಿಯನ್ನಲ್ಲ, ಒಳಬರುವ ಪಠ್ಯವನ್ನೇ ಪರಿಶೀಲಿಸುತ್ತದೆ. ಫೋಕಸ್ ವ್ಯವಸ್ಥೆಯೂ ಅದೇ ಆವೃತ್ತಿಯಲ್ಲಿ ಹೊಸದಾಗಿ ರೂಪುಗೊಂಡಿತು.

ತಾಂತ್ರಿಕ ಸಾಧ್ಯತೆ ಎರಡು ದಶಕಗಳಿಗೂ ಹಿಂದೆಯೇ ಒದಗಿದೆ. ಆದರೆ ಚೌಕಕ್ಕೆ ಭಾಷೆಯನ್ನು ಜಾವಾ ತಾನಾಗಿ ನಿಗದಿಪಡಿಸದು. ನಮೂನೆ ರೂಪಿಸುವವರು ಅದನ್ನು ಬರೆಯಬೇಕು. ರಾಯದುರ್ಗ, ಮಡಕಶಿರಗಳಂಥ ಊರುಗಳಲ್ಲಿ ಕನ್ನಡ ಮಗುವಿನ ಹೆಸರು ಅದರ ಲಿಪಿಯಲ್ಲಿಯೇ ದಾಖಲಾಗುವುದೇ ಎಂಬುದು ಆ ಕೆಲವು ಸಾಲುಗಳನ್ನು ಅವಲಂಬಿಸಿದೆ. ಅಲ್ಪಸಂಖ್ಯಾತ ಭಾಷೆಯ ಹಕ್ಕನ್ನು ಚರ್ಚಿಸುವಾಗ ಶಾಲೆ, ಫಲಕಗಳೊಂದಿಗೆ ಈ ಪುಟ್ಟ ಚೌಕವನ್ನೂ ಪರಿಗಣಿಸಬೇಕಾಗಿದೆ.