ಆಂಧ್ರಪ್ರದೇಶದ ಶಾಲೆಗಳಲ್ಲಿ ವ್ಯಸನಮುಕ್ತಿ ಪ್ರಯತ್ನಗಳು

ಗಾಂಜಾ, ಮದ್ಯ, ತಂಬಾಕು ಮೊದಲಾದ ಅಮಲು ಪದಾರ್ಥಗಳ ರುಚಿ ಮಕ್ಕಳಿಗೆ ಹತ್ತುವ ಮೊದಲೇ ಪೋಷಕರು, ಶಿಕ್ಷಕರು ಮತ್ತು ಊರವರು ಕೂಡಿ ಅವರನ್ನು ಕಾಯುವ ಪ್ರಯತ್ನಗಳಿಗೆ ವ್ಯಸನಮುಕ್ತಿ ಕಾರ್ಯವೆಂದು ಹೆಸರು. ಆಂಧ್ರ ಮತ್ತು ಒಡಿಶಾ ಗಡಿಯ ಪೂರ್ವಘಟ್ಟಗಳಲ್ಲಿ ಗುಟ್ಟಾಗಿ ಬೆಳೆಯುವ ಗಾಂಜಾ ಬಯಲುಸೀಮೆಗೆ ಇಳಿಯುವ ದಾರಿಯಲ್ಲಿಯೇ ವಿಶಾಖಪಟ್ಟಣ ಮತ್ತು ವಿಜಯವಾಡ ಇರುವುದರಿಂದ, ವಿಜಯವಾಡದ ಕೃಷ್ಣಾ ದಂಡೆಯ ಭವಾನಿಪುರಂನಂತಹ ಬಡಾವಣೆಗಳ ಶಾಲೆಗಳಿಗೂ ಈ ಕಾರ್ಯ ದೂರದ ಸಂಗತಿಯಲ್ಲ.

ಇದರ ಬೇರು ಮಕ್ಕಳ ಶಾಲೆಯಲ್ಲಿಲ್ಲ, ತಾಯಂದಿರ ಶಾಲೆಯಲ್ಲಿದೆ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ಸಾಕ್ಷರತಾ ಆಂದೋಲನದ ರಾತ್ರಿ ತರಗತಿಗಳಲ್ಲಿ, ಗಂಡನ ಕುಡಿತದಿಂದ ಬಾಳು ಕೆಟ್ಟ ಸೀತಮ್ಮ ಎಂಬಾಕೆಯ ಕಥೆ ಪಾಠವಾಗಿತ್ತು. ಅದನ್ನು ಅಕ್ಷರ ಕೂಡಿಸಿಕೊಂಡು ಓದಿದ ಹೆಂಗಸರು ತಮ್ಮದೇ ಮನೆಯ ಕಥೆಯನ್ನು ಅದರಲ್ಲಿ ಕಂಡರು. ದೂಬಗುಂಟ ಗ್ರಾಮದ ರೋಸಮ್ಮ ಮೊದಲಾದವರು ಸಾರಾಯಿ ಅಂಗಡಿಗಳನ್ನು ಮುಚ್ಚಿಸಿ ಹೊತ್ತಿಸಿದ ಚಳವಳಿ 1992ರಲ್ಲಿ ರಾಜ್ಯವನ್ನೆಲ್ಲ ವ್ಯಾಪಿಸಿತು. 1993ರ ಅಕ್ಟೋಬರ್ 1ರಿಂದ ಸಾರಾಯಿಯೂ 1995ರ ಜನವರಿಯಲ್ಲಿ ಮದ್ಯವೆಲ್ಲವೂ ನಿಷೇಧಗೊಂಡವು. ಸಂಪೂರ್ಣ ನಿಷೇಧ 1997ರಲ್ಲಿ ಸಡಿಲಗೊಂಡಿತಾದರೂ, ಅಕ್ಷರ ಕಲಿಯುವ ಜಾಗವೇ ದುಶ್ಚಟದ ವಿರುದ್ಧ ನಿಲ್ಲುವ ಜಾಗವೂ ಆಗಬಲ್ಲದೆಂಬುದನ್ನು ಆ ತಾಯಂದಿರು ತೋರಿಸಿಕೊಟ್ಟಿದ್ದರು. ಯಾವ ಸರ್ಕಾರಿ ಆದೇಶಕ್ಕಿಂತಲೂ ಇದು ದೊಡ್ಡ ಕೊಡುಗೆ.

ನೆರೆಯ ಕರ್ನಾಟಕದಲ್ಲಿ ಇದೇ ಕೆಲಸ ಮಠದ ದಾರಿಯಿಂದ ನಡೆಯಿತು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯಲ್ಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಬಾಗಿಲಿಗೆ ಬರುವ ಸ್ವಾಮಿಗಳು ಕಾಳುಕಡ್ಡಿಯನ್ನಾಗಲಿ ಹಣವನ್ನಾಗಲಿ ಕೇಳದೆ ಚಟವನ್ನೇ ಭಿಕ್ಷೆಯಾಗಿ ಬೇಡುತ್ತಿದ್ದರು; ಜನ ಬೀಡಿ, ಗುಟ್ಕಾ ಚೀಟಿಗಳನ್ನು ಅದರೊಳಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳ ಜೊತೆಗೆ ‘ಸ್ವಾಸ್ಥ್ಯ ಸಂಕಲ್ಪ’ ಎಂಬ ಕಾರ್ಯಕ್ರಮವನ್ನು ಶಾಲೆಗಳಿಗೂ ಒಯ್ದಿದೆ.

ಇಂತಹ ಪ್ರಯತ್ನಗಳಿಗೆ ಕಾನೂನಿನ ಬೆಂಬಲ ಹಂತಹಂತವಾಗಿ ಒದಗಿತು. ಮಾದಕವಸ್ತು ನಿಯಂತ್ರಣ ಕಾಯ್ದೆ 1985ರಲ್ಲಿ ಬಂತು; 2003ರ ತಂಬಾಕು ಕಾಯ್ದೆ ಶಾಲೆಯ ಸುತ್ತ 100 ಗಜದೊಳಗೆ ಬೀಡಿ, ಸಿಗರೇಟು ಮಾರುವುದನ್ನು ತಡೆದರೆ, 2015ರ ಬಾಲನ್ಯಾಯ ಕಾಯ್ದೆ ಮಗುವಿನ ಕೈಗೆ ಅಮಲು ಪದಾರ್ಥ ಕೊಟ್ಟವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆಂಧ್ರ ಪೊಲೀಸರು 2021ರಲ್ಲಿ ‘ಪರಿವರ್ತನ’ ಎಂಬ ಕಾರ್ಯಾಚರಣೆಯಲ್ಲಿ ವಿಶಾಖಪಟ್ಟಣದ ಗುಡ್ಡಗಾಡಿನ ಗಾಂಜಾ ತೋಟಗಳನ್ನು ಕಡಿಸಿದರು. 2024ರ ನವೆಂಬರಿನಲ್ಲಿ ಹುಟ್ಟಿದ, ಆ ರಾಜ್ಯದ ಮಾದಕವಸ್ತು ನಿಗ್ರಹ ಪಡೆಯಾದ ‘ಈಗಲ್’, 1972 ಸಂಖ್ಯೆಯ ಸಹಾಯವಾಣಿಯನ್ನು ತೆರೆದು, ಶಾಲಾ ಕಾಲೇಜುಗಳಲ್ಲಿ ಈಗಲ್ ಕ್ಲಬ್ಬುಗಳನ್ನು ಕಟ್ಟಿಸಿ, ‘ಡ್ರಗ್ಸ್ ವದ್ದು ಬ್ರೋ’ (ಮಾದಕವಸ್ತು ಬೇಡ ಗೆಳೆಯಾ) ಎಂಬ ಘೋಷಣೆಯನ್ನು ಹುಡುಗರ ಬಾಯಲ್ಲೇ ಹೇಳಿಸುತ್ತಿದೆ.

ಘೋಷಣೆ ಇನ್ನೂ ಚಟಕ್ಕೆ ಬೀಳದ ಮಗುವಿಗೆ ಸಾಕಾಗಬಹುದು. ಆಗಲೇ ಬಿದ್ದಿರುವ ಮಗುವಿಗೆ ಬೇಕಾದದ್ದು ಚಿಕಿತ್ಸೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ನೀಡುವ 64-ಎ ಕಲಮು 1985ರ ಕಾಯ್ದೆಯಲ್ಲಿಯೇ ಇದೆ. ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಕೇಸು ಬೀಳುವುದೆಂದು ಅಂಜುವ ತಂದೆತಾಯಿಗಳಿಗೆ ಶಾಲೆಗಳ ಪೋಷಕರ ಸಭೆಯಲ್ಲಿ ಮೊದಲು ತಿಳಿಸಬೇಕಾದ ಸಂಗತಿ ಇದು.