ಬಂಡೆ ಸೀಮೆಯ ಸೈಕಲ್ಲು: ರಾಮನಗರದ ಸುತ್ತಿನ ದುರಸ್ತಿ ಕಸುಬಿನ ಇತಿಹಾಸ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನೆಲ ಸೈಕಲ್ಲಿಗೆ ಸಲೀಸಾದ ನೆಲವಲ್ಲ. ರಾಮನಗರದ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಗುರುತಿಸಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲೆಯ ಪಟ್ಟಿ ಈ ಸೀಮೆಯಲ್ಲಿ ಉತ್ತರ ದಕ್ಷಿಣವಾಗಿ ಹಬ್ಬಿದ್ದು, ರಾಮದೇವರ ಬೆಟ್ಟವೂ 1,226 ಮೀಟರ್ ಎತ್ತರದ ಸಾವನದುರ್ಗವೂ ಅದರ ಎದ್ದು ಕಾಣುವ ಭಾಗಗಳಾಗಿವೆ. ಬೆಟ್ಟದಲ್ಲಿ ಓಡಿಸಲೆಂದೇ ರೂಪುಗೊಂಡ ಮೌಂಟನ್ ಬೈಕು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಕಲ್ಲುಹಾದಿಗಳಲ್ಲಿ ಸಾಧಾರಣ ಕರಿ ಸೈಕಲ್ಲು ಹೊರೆ ಹೊತ್ತು ಓಡಾಡುತ್ತಿತ್ತು. ಅದು ಅಷ್ಟು ಕಾಲ ಬಾಳಿದ್ದಕ್ಕೆ ಉಕ್ಕಿನ ಗಟ್ಟಿತನವಷ್ಟೇ ಕಾರಣವಲ್ಲ. ಬಿಚ್ಚಿ ಜೋಡಿಸಬಹುದಾದ ರಚನೆ, ಯಾವ ಊರಿನಲ್ಲಿಯೂ ಸಿಗುವ ಬಿಡಿಭಾಗ ಮತ್ತು ಅವೆರಡನ್ನೂ ಬಲ್ಲ ಸೈಕಲ್ ಶಾಪು, ಈ ಮೂರೂ ಕೂಡಿದ್ದರಿಂದ ಅದು ಉಳಿಯಿತು. ಹಳೆಯ ಮೌಂಟನ್ ಬೈಕುಗಳನ್ನು ಮತ್ತೆ ಓಡುವ ಸ್ಥಿತಿಗೆ ತರುವ ಈಚಿನ ಹವ್ಯಾಸದ ಸಾಧ್ಯತೆಯನ್ನೂ ಮಿತಿಯನ್ನೂ ಈ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ.

ಈ ನಾಲ್ಕು ಊರುಗಳಿಗೆ ಸಂಚಾರದ ಅನುಕೂಲ ಸಮನಾಗಿ ದೊರೆಯಲಿಲ್ಲ. 1882ರ ವೇಳೆಗೆ ಪೂರ್ಣಗೊಂಡ ಬೆಂಗಳೂರು-ಮೈಸೂರು ರೈಲುಮಾರ್ಗ ರಾಮನಗರ ಮತ್ತು ಚನ್ನಪಟ್ಟಣಗಳನ್ನು ಹಾದುಹೋಯಿತೇ ಹೊರತು ಕನಕಪುರಕ್ಕಾಗಲಿ ಮಾಗಡಿಗಾಗಲಿ ರೈಲು ಬರಲಿಲ್ಲ. ರೈಲಿದ್ದ ಊರುಗಳಲ್ಲಿಯೂ ನಿಲ್ದಾಣದಿಂದ ಹಳ್ಳಿಯವರೆಗಿನ ದಾರಿ ಎತ್ತಿನ ಗಾಡಿಯದೋ ಕಾಲ್ನಡಿಗೆಯದೋ ಆಗಿತ್ತು. ಬಸ್ಸು ಅಪರೂಪವಾಗಿದ್ದ ಕಾಲದಲ್ಲಿ ಈ ಅಂತರವನ್ನು ತುಂಬಿದ್ದು ಸೈಕಲ್ಲು. ಸ್ವಾತಂತ್ರ್ಯಕ್ಕೆ ಮೊದಲು ಬಹುಮಟ್ಟಿಗೆ ಇಂಗ್ಲೆಂಡಿನ ಸರಕಾಗಿದ್ದ ಅದು, 1949ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾಗಿ ಹರ್ಕ್ಯುಲಿಸ್ ಸೈಕಲ್ಲು ತಯಾರಿಸಿದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಮತ್ತು 1956ರಲ್ಲಿ ಲೂಧಿಯಾನದಲ್ಲಿ ತಲೆಯೆತ್ತಿದ ಹೀರೋ ಕಾರ್ಖಾನೆಗಳಿಂದಾಗಿ ಹಳ್ಳಿಗರ ಕೈಗೆಟುಕುವ ವಾಹನವಾಯಿತು.

ಈ ಸೀಮೆಯಲ್ಲಿ ಸೈಕಲ್ಲಿಗೆ ವಿಶೇಷವಾಗಿ ಹೊಂದಿಕೊಂಡ ಕಸುಬು ರೇಷ್ಮೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಟ್ಟ ಐದಾರು ದಿನಗಳಲ್ಲಿ ಗೂಡು ಬಿಡಿಸುತ್ತಾರೆ. ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತುಮಾಡಿ ಹೊರಬಂದರೆ ನೂಲು ತೆಗೆಯುವುದಕ್ಕೆ ಬಾರದಾದ್ದರಿಂದ ಅಷ್ಟರೊಳಗೆ ಮಾಲು ಮಾರುಕಟ್ಟೆ ಸೇರಲೇಬೇಕು. ಗೂಡು ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಒತ್ತಿ ತುಂಬಿದರೆ ಜೀವಂತ ಕೋಶದ ಶಾಖಕ್ಕೂ ತೇವಕ್ಕೂ ಗುಣ ಕೆಡುತ್ತದೆ. ಸಡಿಲವಾಗಿ ತುಂಬಿದ ಚೀಲವನ್ನು ಕ್ಯಾರಿಯರ್ ಮೇಲೆ ಕಟ್ಟಿ ಗಾಡಿಗಿಂತ ಬೇಗ ಸಾಗಿಸಬಲ್ಲ ಸೈಕಲ್ಲು ಇದಕ್ಕೆ ಸರಿಯಾಗಿ ಒದಗಿತು. ಗೂಡಿನ ವ್ಯಾಪಾರವನ್ನು ನಿಯಂತ್ರಿತ ಮಾರುಕಟ್ಟೆಗೆ ತಂದ 1959ರ ಕಾಯಿದೆಯ ನಂತರ ರಾಮನಗರದ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂಬ ಹೆಸರು ಪಡೆಯುವಷ್ಟು ಬೆಳೆಯಿತು. ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು, ರಾಗಿ ಮೂಟೆಗಳೂ ಅದೇ ಕ್ಯಾರಿಯರ್ ಏರಿದವು.

ಹೊರೆ ಹೊತ್ತು ಕಲ್ಲುಹಾದಿಯಲ್ಲಿ ಓಡುವ ಸೈಕಲ್ಲಿಗೆ ದುರಸ್ತಿ ತಪ್ಪಿದ್ದಲ್ಲ. ಆ ಕಸುಬಿನ ಬೇರನ್ನು ಸೀಮೆಯ ಹಳೆಯ ಲೋಹದ ಕೆಲಸದಲ್ಲಿ ಹುಡುಕುವ ಮನಸ್ಸಾಗಬಹುದು: ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನು 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಆದರೆ ಆ ತಂತಿಗೂ ಸೈಕಲ್ಲಿನ ಕಡ್ಡಿಗೂ ನಂಟು ಕಲ್ಪಿಸುವುದು ಇತಿಹಾಸವಾಗಲಾರದು. ಸೈಕಲ್ ಶಾಪು ಕಾರ್ಖಾನೆಯ ಬಿಡಿಭಾಗಗಳ ಬೆನ್ನಿಗೆ ಬಂದ ಹೊಸ ಕಸುಬು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಕೊಡುವುದು, ಪಂಚರ್ ಹಾಕುವುದು, ರಿಮ್ಮಿನ ಬೆಂಡ್ ತೆಗೆಯುವುದು ಅದರ ದಿನನಿತ್ಯದ ಗಳಿಕೆಯಾದರೆ, ಓವರ್‌ಹಾಲ್ ಎಂಬ ಸಮಗ್ರ ದುರಸ್ತಿ ಅದರ ನಿಜವಾದ ವಿದ್ಯೆಯಾಗಿತ್ತು.

ಓವರ್‌ಹಾಲ್‌ನಲ್ಲಿ ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಹಿಡಿದಿರುವ ಕಾಟರ್ ಪಿನ್ನನ್ನು ಮೊದಲು ಸುತ್ತಿಗೆಯಿಂದ ಹೊಡೆದು ತೆಗೆದು, ಅಚ್ಚಿನ ಎರಡೂ ಬದಿಯ ಕಪ್ಪುಗಳಿಂದ ಕಾಲು ಇಂಚಿನ ಉಕ್ಕಿನ ಗುಂಡುಗಳನ್ನು ಹೊರತೆಗೆದು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಗುಂಡುಗಳು ಉರುಳುವ ದಾರಿಯಲ್ಲಿ ಕಚ್ಚು ಬಿದ್ದಿದ್ದರೆ ಕಪ್ಪನ್ನೋ ಗುಂಡುಗಳನ್ನು ಒತ್ತಿಹಿಡಿಯುವ ಕೋನನ್ನೋ ಬದಲಿಸಿ, ಹೊಸ ಗ್ರೀಸಿನಲ್ಲಿ ಗುಂಡುಗಳನ್ನು ಕೂರಿಸಲಾಗುತ್ತದೆ. ಚಕ್ರದ ಕೋನು ಬಿಗಿಯುವುದರಲ್ಲಿ ಕೈಚಳಕ ಬೇಕು: ಹೆಚ್ಚು ಬಿಗಿದರೆ ಗುಂಡು ಸವೆಯುತ್ತದೆ, ಸಡಿಲಬಿಟ್ಟರೆ ಚಕ್ರ ಆಡುತ್ತದೆ, ಮೇಲಿನ ನಟ್ಟನ್ನು ಬಿಗಿಯುವಾಗ ಸರಿಯಾಗಿದ್ದ ಕೋನೂ ಕದಲುತ್ತದೆ. ಹದ ಸರಿಯಾಗಿದ್ದರೆ, ಮೆಲ್ಲಗೆ ತಿರುಗಿಸಿ ಬಿಟ್ಟ ಚಕ್ರ ವಾಲ್ವಿನ ಭಾರಕ್ಕೇ ಹಿಂದುಮುಂದಾಗಿ ತೂಗಿ, ಕೊನೆಗೆ ವಾಲ್ವು ಕೆಳಗೆ ಬಂದು ನಿಲ್ಲುತ್ತದೆ. ಉಪಕರಣವಿಲ್ಲದ ಈ ಪರೀಕ್ಷೆಗಿಂತ ನಂಬಿಕೆಯ ಪರೀಕ್ಷೆ ಬೇರಿಲ್ಲ.

ಇಷ್ಟೆಲ್ಲ ಸಾಧ್ಯವಾದದ್ದು ಅಳತೆಗಳು ಒಂದೇ ಆಗಿದ್ದರಿಂದ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಮತ್ತು 28 ಇಂಚಿನ ಚಕ್ರ ಎಂಬ ಬ್ರಿಟಿಷ್ ಪದ್ಧತಿಯನ್ನು ಭಾರತೀಯ ಕಾರ್ಖಾನೆಗಳು ದಶಕಗಟ್ಟಲೆ ಬಿಡದೆ ನಡೆಸಿಕೊಂಡು ಬಂದುದರಿಂದ ಒಂದು ಕಂಪನಿಯ ಸೈಕಲ್ಲಿಗೆ ಇನ್ನೊಂದರ ಭಾಗ ಕೂರುತ್ತಿತ್ತು. ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯನ್ನು 2020ರಲ್ಲಿ ನಿಲ್ಲಿಸಿದರೂ ಅದರ ಹಳೆಯ ಸೈಕಲ್ಲುಗಳು ಅದರಿಂದ ಮೂಲೆ ಸೇರಬೇಕಾಗಿ ಬರಲಿಲ್ಲ.

ಮೌಂಟನ್ ಬೈಕಿನ ಹುಟ್ಟಿನಲ್ಲಿಯೂ ದುರಸ್ತಿಯ ಪಾತ್ರ ದೊಡ್ಡದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಪ್ರಾಂತದ ತರುಣರು, 1930-40ರ ದಶಕಗಳ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಹಳೆ ಸಾಮಾನಿನ ರಾಶಿಯಿಂದ ಹೆಕ್ಕಿ, ಬೇರೆ ಸೈಕಲ್ಲುಗಳ ಬ್ರೇಕು, ಗೇರು ಜೋಡಿಸಿ ಬೆಟ್ಟದಿಂದ ಇಳಿಸತೊಡಗಿದರು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ ರಿಪ್ಯಾಕ್ ಎಂಬ ಹೆಸರು ಬಂದದ್ದು, ಒಂದೇ ಇಳಿತಕ್ಕೆ ಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಸುಟ್ಟುಹೋಗಿ, ಪ್ರತಿಬಾರಿಯೂ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ. ಜೋ ಬ್ರೀಜ್ 1977ರಲ್ಲಿ ಈ ಬಳಕೆಗೆಂದೇ ಫ್ರೇಮು ಕಟ್ಟಿದನು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದು ಮೌಂಟನ್ ಬೈಕು ಕಾರ್ಖಾನೆಯ ಸರಕಾಯಿತು.

ಭಾರತದಲ್ಲಿ 1990ರ ದಶಕದ ಹೊತ್ತಿಗೆ ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್‌ಗಳಂಥ ಮಾದರಿಗಳು ಅದೇ ಚಹರೆಯಲ್ಲಿ ಜನಪ್ರಿಯವಾದವು. ನೆಟ್ಟನೆಯ ಹ್ಯಾಂಡಲ್ಲು, 26 ಇಂಚಿನ ಅಗಲ ಟೈರು ಇದ್ದರೂ ಅವುಗಳಲ್ಲಿ ಅನೇಕವಕ್ಕೆ ಗೇರು ಇರಲಿಲ್ಲ. ಶಾಪಿನವರಿಗೆ ನಿಜವಾಗಿ ಹೊಸದಾದದ್ದು ಬ್ರೇಕಿನ ಕ್ರಮ. ಕರಿ ಸೈಕಲ್ಲಿನ ಕಂಬಿ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುತ್ತಿದ್ದುದರಿಂದ ಚಕ್ರ ಅಕ್ಕಪಕ್ಕಕ್ಕೆ ತುಸು ವಾಲಿದರೂ ನಡೆಯುತ್ತಿತ್ತು; ತಂತಿಯಿಂದ ಎಳೆಯುವ ಹೊಸ ಬ್ರೇಕು ರಿಮ್ಮನ್ನು ಎರಡು ಬದಿಯಿಂದ ಹಿಡಿಯುವುದರಿಂದ ಬೆಂಡ್ ತೆಗೆಯುವ ಕೆಲಸಕ್ಕೆ ಹೆಚ್ಚಿನ ಕರಾರುವಾಕ್ಕು ಬೇಕಾಯಿತು. ಈ ನಡುವೆ ಮೋಟರ್ ಸೈಕಲ್ಲು ಹಳ್ಳಿಯ ಹೊರೆಯನ್ನು ವಹಿಸಿಕೊಂಡಿತು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ವಿತರಣೆಯಿಂದ ಸೈಕಲ್ಲು ಮುಖ್ಯವಾಗಿ ಶಾಲಾಮಕ್ಕಳ ವಾಹನವಾಯಿತು.

ಈಗ ಇಪ್ಪತ್ತೈದು, ಮೂವತ್ತು ವರ್ಷ ದಾಟಿದ ಮೌಂಟನ್ ಬೈಕನ್ನು ಮತ್ತೆ ಓಡಿಸಬಯಸುವವರು ಎದುರಿಸುವ ತೊಡಕುಗಳು ಹಳೆಯ ಶಾಪಿನವು ಅಲ್ಲ. 26 ಇಂಚು ಎಂಬ ಒಂದೇ ಹೆಸರಿನಡಿ ಮೌಂಟನ್ ಬೈಕಿನ 559 ಮಿಲಿಮೀಟರ್ ರಿಮ್ಮೂ ಸಣ್ಣ ಟೈರಿನ ಸೈಕಲ್ಲಿನ 590 ಮಿಲಿಮೀಟರ್ ರಿಮ್ಮೂ ಇರುವುದರಿಂದ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಉಕ್ಕಿನ ಫ್ರೇಮಿನೊಳಗೆ ವರ್ಷಗಟ್ಟಲೆ ಬಿಟ್ಟ ಅಲ್ಯೂಮಿನಿಯಮ್ ಸೀಟುಕಂಬ, ತೇವದಲ್ಲಿ ಎರಡು ಲೋಹಗಳ ನಡುವೆ ನಡೆಯುವ ಕ್ರಿಯೆಯಿಂದ ಕಚ್ಚಿಕೊಂಡು, ಹೊರತೆಗೆಯುವುದೇ ಕಷ್ಟವಾಗುತ್ತದೆ. 1990ರ ದಶಕದ ಕೆಲವು ಫೋರ್ಕುಗಳಲ್ಲಿ ಸ್ಪ್ರಿಂಗಿನ ಬದಲು ಇದ್ದ ರಬ್ಬರಿನಂಥ ಕಡ್ಡಿಗಳು ಈಗಾಗಲೇ ಗಟ್ಟಿಯಾಗಿಯೋ ಪುಡಿಯಾಗಿಯೋ ಹೋಗಿವೆ.

ಸಂಗ್ರಾಹಕರು ಸ್ಟಿಕ್ಕರಿನಿಂದ ಮೊಳೆಯವರೆಗೆ ಎಲ್ಲವೂ ಮೂಲದ್ದೇ ಆಗಿರಲಿ ಎನ್ನುತ್ತಾರೆ. ಶಾಪಿನ ಪರಂಪರೆ ಕೂರುವ ಭಾಗವನ್ನು ಹಾಕಿ ಗಾಡಿಯನ್ನು ಓಡಿಸು ಎನ್ನುತ್ತದೆ. ಗೂಡಿನ ಚೀಲ ಹೊತ್ತ ಸೈಕಲ್ಲುಗಳನ್ನು ಈ ಸೀಮೆಯಲ್ಲಿ ಉಳಿಸಿದ್ದು ಎರಡನೆಯ ನಿಲುವು. ಬಿಡಿ ಗುಂಡು, ಕೋನು, ಉಕ್ಕಿನ ಕಡ್ಡಿಗಳ ಮೇಲೆ ನಿಂತ ಸರಳ ಎಂಟಿಬಿಗಳನ್ನು ರಾಮನಗರದ ಯಾವುದೇ ಹಳೆಯ ಶಾಪು ಇಂದಿಗೂ ಸರಿಪಡಿಸಬಲ್ಲದು. ಒಂದೇ ಕಂಪನಿಯ ಒಂದೇ ಮಾದರಿಗೆ ಹೊಂದುವ ಭಾಗವನ್ನು ನೆಚ್ಚಿಕೊಂಡ ದುಬಾರಿ ಸೈಕಲ್ಲುಗಳಿಗೆ, ಆ ಭಾಗದ ತಯಾರಿಕೆ ನಿಂತ ಮೇಲೆ, ಗೋಡೆಯ ಮೊಳೆಯೇ ಗತಿ.